ದೀಪ, ಗಂಟೆ, ಬ್ರೇಕು, ಬಿಲ್ಲೆ

ಸೈಕಲ್ಲಿಗೆ ಸದ್ದಿಲ್ಲ. ಅದರ ಚೆಲುವೂ ಅದೇ, ಅಪಾಯವೂ ಅದೇ. ಹಿಂದಿನಿಂದ ಬಂದು ಪಕ್ಕದಲ್ಲೇ ಹಾದುಹೋಗುವವರೆಗೆ ನಡೆಯುವವರಿಗೆ ಅದರ ಸುಳಿವಿರುವುದಿಲ್ಲ. ಕತ್ತಲಾದ ಮೇಲಂತೂ ಎದುರಿಗೆ ಬಂದರೂ ಕಾಣುವುದಿಲ್ಲ. ಅದಕ್ಕೇ ನಮ್ಮ ಊರುಗಳಲ್ಲಿ ಹಿಂದೆ ಇದ್ದ ಸೈಕಲ್ ನಿಯಮಗಳನ್ನು ನೆನೆದಾಗ ನನಗೆ ಅವುಗಳ ಮೇಲೆ ಪ್ರೀತಿ ಉಕ್ಕುತ್ತದೆ. ರಾತ್ರಿ ಹೊತ್ತು ದೀಪ ಉರಿಯಬೇಕು, ಗಂಟೆ ಬಾರಿಸಬೇಕು, ಬ್ರೇಕು ಹಿಡಿಯಬೇಕು, ಡಬಲ್ ರೈಡ್ ಕೂಡದು, ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿರಬೇಕು. ಒಂದೇ ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಯುವಷ್ಟು ನಿಯಮಗಳು.

ಮೊದಲು ಬಿಲ್ಲೆಯ ಮಾತು. ಮೋಟಾರು ವಾಹನಗಳ ಕಾಯಿದೆ ಮೋಟಾರು ಇದ್ದವುಗಳ ಗೊಡವೆ ಮಾತ್ರ ನೋಡುತ್ತದೆ. ಕಾಲಿನ ಬಲದಿಂದ ಓಡುವ ಸೈಕಲ್ಲನ್ನು ನೋಡಿಕೊಳ್ಳುವ ಹೊಣೆ ಊರಿನ ಪುರಸಭೆಗೂ ಪೊಲೀಸರಿಗೂ ಬಿತ್ತು. ಪುರಸಭೆ ತೆರಿಗೆ ವಸೂಲು ಮಾಡಿ ಲೋಹದ ಸಣ್ಣ ಬಿಲ್ಲೆಯೊಂದನ್ನು ಕೊಡುತ್ತಿತ್ತು. ಅದರ ಮೇಲೆ ಊರಿನ ಹೆಸರು, ವರ್ಷ, ಒಂದು ಸಂಖ್ಯೆ. ಸೈಕಲ್ ಕಳುವಾದರೆ ಹುಡುಕುವುದಕ್ಕೂ ಅದೇ ಗುರುತು. ಇವತ್ತು ಹಳೆಯ ನಾಣ್ಯಗಳ ಜೊತೆ ಈ ಬಿಲ್ಲೆಗಳನ್ನೂ ಜೋಪಾನವಾಗಿ ಕೂಡಿಡುವವರಿದ್ದಾರೆ. ಅಂಥದೊಂದನ್ನು ಅಂಗೈಯಲ್ಲಿಟ್ಟು ನೋಡಿದರೆ, ಒಂದು ಊರು ತನ್ನ ಬೀದಿಯಲ್ಲಿ ಓಡಾಡುವ ಬಡವನ ವಾಹನವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತಲ್ಲ ಎಂದು ಹಿತವೆನಿಸುತ್ತದೆ.

ಇನ್ನು ದೀಪ. ಸೀಮೆಎಣ್ಣೆಯ ಪುಟ್ಟ ಲಾಂದ್ರವನ್ನು ಹ್ಯಾಂಡಲ್ಲಿನ ಮುಂದೆ ಸಿಕ್ಕಿಸಿಕೊಂಡು ಓಡಾಡಿದ ಕಾಲವಿತ್ತು. ಗುಂಡಿಗೆ ಇಳಿದರೆ ಬತ್ತಿ ಆರುತ್ತಿತ್ತು, ಗಾಳಿ ಬಂದರೆ ಗಾಜು ಮಸಿಯಾಗುತ್ತಿತ್ತು. ಆಮೇಲೆ ಬಂದದ್ದು ಡೈನಮೊ. ಅದನ್ನು ವರ್ಣಿಸುವುದೆಂದರೆ ನನಗೆ ಸುಗ್ಗಿ. ಚಕ್ರದ ಪಕ್ಕದಲ್ಲಿ ಸುಮ್ಮನೆ ನಿಂತಿರುವ ಅದನ್ನು ಬೆರಳಿನಿಂದ ಒತ್ತಿದರೆ ಸ್ಪ್ರಿಂಗು ಬಿಚ್ಚಿಕೊಂಡು ಅದರ ತಲೆ ಟೈರಿನ ಬದಿಗೆ ಅಂಟಿಕೊಳ್ಳುತ್ತದೆ. ಪೆಡಲು ತುಳಿದರೆ ಅದು ದುಂಬಿಯ ಹಾಗೆ ಗುಂಯ್‌ಗುಡತೊಡಗುತ್ತದೆ. ಸಾಮಾನ್ಯವಾಗಿ 6 ವೋಲ್ಟು, 3 ವ್ಯಾಟು; ಅಷ್ಟರಲ್ಲೇ ಮುಂದಿನ ಹಾದಿಗೆ ಹಳದಿ ಬೆಳಕು. ಆ ಬೆಳಕು ಪುಕ್ಕಟೆ ಬಂದದ್ದಲ್ಲ, ಪೆಡಲು ತುಸು ಭಾರವಾಗುತ್ತದೆ. ಇಳಿಜಾರಿನಲ್ಲಿ ಧಗ್ಗನೆ ಬೆಳಗುತ್ತದೆ, ಏರಿನಲ್ಲಿ ಮಂಕಾಗುತ್ತದೆ, ನಿಂತರೆ ಆರಿಹೋಗುತ್ತದೆ. ತನ್ನ ಕಾಲಿನ ಶಕ್ತಿಯಿಂದಲೇ ತನ್ನ ದಾರಿಗೆ ಬೆಳಕು ಮಾಡಿಕೊಳ್ಳುವ ಸುಖ ಬೇರೆ ಯಾವ ವಾಹನದಲ್ಲಿದೆ?

ದೀಪವಿಲ್ಲದವರನ್ನು ಪೊಲೀಸರು ತಿರುವಿನಲ್ಲಿ ನಿಲ್ಲಿಸುತ್ತಿದ್ದರು. ದಂಡ ಕಟ್ಟಲು ಕಾಸಿಲ್ಲದಿದ್ದರೆ ಟೈರಿನ ಗಾಳಿ ಬಿಡುತ್ತಿದ್ದರು, ಸವಾರ ಮನೆಯವರೆಗೂ ಸೈಕಲ್ ತಳ್ಳಿಕೊಂಡು ಹೋಗಬೇಕು. ನಡೆದು ಹೋಗುವ ಆ ಶಿಕ್ಷೆಯಲ್ಲಿ ಒಂದು ನ್ಯಾಯವಿತ್ತು. ಬೆಳಕಿಲ್ಲದೆ ಸವಾರಿ ಬೇಡ, ಬೆಳಗಾಗುವವರೆಗೆ ನಡೆ ಎಂದ ಹಾಗೆ.

ನಿಂತಾಗ ಆರುವ ಡೈನಮೊಗೆ ಜೊತೆಗಾರನೊಬ್ಬ ಬೇಕಿತ್ತು. ಹಿಂದಿನ ಮಡ್‌ಗಾರ್ಡಿನ ತುದಿಯ ಬಿಳಿ ಬಣ್ಣವೂ ಅದರ ಮೇಲಿನ ಕೆಂಪು ರಿಫ್ಲೆಕ್ಟರೂ ಆ ಕೆಲಸ ಮಾಡುತ್ತವೆ. ರಿಫ್ಲೆಕ್ಟರಿಗೆ ಎಣ್ಣೆ ಬೇಡ, ಬ್ಯಾಟರಿ ಬೇಡ. ಅದರೊಳಗಿನ ಸಣ್ಣ ಸಣ್ಣ ಮೂಲೆಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಅದು ಬಂದ ದಿಕ್ಕಿಗೇ ವಾಪಸು ಕಳಿಸುತ್ತವೆ. ಲಾರಿಯ ಬೆಳಕು ಲಾರಿ ಚಾಲಕನ ಕಣ್ಣಿಗೇ ಹಿಂತಿರುಗಿ, ಮುಂದೆ ಒಂದು ಜೀವವಿದೆ ಎಂದು ಹೇಳುತ್ತದೆ. ಪೆಡಲುಗಳ ಹಳದಿ ರಿಫ್ಲೆಕ್ಟರು ಇನ್ನೂ ಚೆನ್ನ. ಅದು ಮೇಲೆ ಕೆಳಗೆ ಆಡುವುದರಿಂದ ಮುಂದಿರುವುದು ಸೈಕಲ್ಲೇ ಎಂದು ದೂರದಿಂದಲೇ ಗುರುತು ಸಿಗುತ್ತದೆ. ಸೈಕಲ್ಲಿನ ರಿಫ್ಲೆಕ್ಟರುಗಳು ಭಾರತೀಯ ಮಾನಕಕ್ಕೆ ತಕ್ಕಂತೆ ಇರಬೇಕೆಂದು ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಹೊರಡಿಸಿತು. ಇಷ್ಟು ಸಣ್ಣ ವಸ್ತುವಿಗೆ ಅಷ್ಟು ಗಮನ ಸಲ್ಲಬೇಕಾದ್ದೇ.

ಗಂಟೆಯ ಚಂದವೇ ಬೇರೆ. ಹೆಬ್ಬೆರಳು ಒತ್ತಿದರೆ ಒಳಗಿನ ಹಲ್ಲಿನ ಚಕ್ರಗಳು ಸುತ್ತಿ, ಸಡಿಲವಾದ ಬಿಲ್ಲೆಗಳು ಬಟ್ಟಲಿನ ಒಳಮೈಗೆ ಬಡಿದು ಟ್ರಿಣ್ ಎನ್ನುತ್ತದೆ. ಮೋಟಾರಿನ ಹಾರ್ನು ಗದರಿಸಿದರೆ ಇದು ವಿನಯದಿಂದ ದಾರಿ ಕೇಳುತ್ತದೆ. ಮೈಸೂರಿನಲ್ಲಿ 2017ರಲ್ಲಿ ಶುರುವಾದ ಸಾರ್ವಜನಿಕ ಸೈಕಲ್ ಯೋಜನೆಗೆ ‘ಟ್ರಿಣ್ ಟ್ರಿಣ್’ ಎಂದೇ ಹೆಸರಿಟ್ಟರು. ಊರಿನ ಸ್ವಭಾವಕ್ಕೆ ಒಪ್ಪುವ ಹೆಸರು.

ಡಬಲ್ ರೈಡ್ ಬೇಡವೆಂದದ್ದು ಹುಡುಗರ ಖುಷಿ ಕಸಿಯಲಿಕ್ಕಲ್ಲ. ಸೈಕಲ್ಲಿನ ಬ್ರೇಕೆಂದರೆ ರಿಮ್ಮನ್ನು ಒತ್ತಿ ಹಿಡಿಯುವ ರಬ್ಬರಿನ ತುಂಡುಗಳು. ಮಳೆಯಲ್ಲಿ ರಿಮ್ಮು ತೋಯ್ದರೆ ಅವು ಜಾರುತ್ತವೆ. ಮುಂದಿನ ಬಾರಿನ ಮೇಲೊಬ್ಬ ಕೂತರೆ ಹ್ಯಾಂಡಲ್ ತಿರುಗದು, ಕ್ಯಾರಿಯರಿನ ಮೇಲೊಬ್ಬ ಕೂತರೆ ನಿಲ್ಲಿಸಲು ಇನ್ನಷ್ಟು ದೂರ ಬೇಕು. ಕೈಸನ್ನೆಯ ಪಾಠವೂ ಹೀಗೇ. ಬಲಗೈ ನೇರ ಚಾಚಿದರೆ ಬಲಕ್ಕೆ ತಿರುಗುತ್ತೇನೆ ಎಂದು, ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿದರೆ ನಿಧಾನ ಮಾಡುತ್ತೇನೆ ಎಂದು. ಮನಸ್ಸಿನಲ್ಲಿರುವುದನ್ನು ಹಿಂದೆ ಬರುವವನಿಗೆ ಮೊದಲೇ ತಿಳಿಸುವ ಮರ್ಯಾದೆ ಇದು. ದೀಪ, ಗಂಟೆ, ಬಿಳಿ ಬಣ್ಣ, ಎಲ್ಲವೂ ಅದನ್ನೇ ಮಾಡುತ್ತವೆ.

ಬಿಲ್ಲೆ ಹೋಯಿತು, ದೀಪ ಕೇಳುವವರೂ ಇಲ್ಲ. ಅಂಗಡಿಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ತರುವ ಗೇರಿನ ಸೈಕಲ್ಲುಗಳಲ್ಲಿ ಎಷ್ಟಕ್ಕೋ ಗಂಟೆಯಿಲ್ಲ, ಮಡ್‌ಗಾರ್ಡಿಲ್ಲ. ಆದರೆ ರಸ್ತೆ ಮೊದಲಿಗಿಂತ ನೂರು ಪಾಲು ಅಪಾಯದ್ದಾಗಿದೆ. ಕರ್ನಾಟಕ ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿಗೆ ಸಾಲಾಗಿ ಸೈಕಲ್ ತುಳಿದುಕೊಂಡು ಹೋಗುವ ನೋಟಕ್ಕಿಂತ ಮನಸ್ಸು ತುಂಬುವ ನೋಟ ನಾನು ಕಂಡಿಲ್ಲ. ಸ್ಪೆಷಲ್ ಕ್ಲಾಸು ಮುಗಿಸಿ ಅವರು ಮರಳುವಾಗ ಹೊತ್ತು ಮುಳುಗಿರುತ್ತದೆ. ನಸುಕಿನಲ್ಲಿ ಪೇಪರ್ ಹಾಕುವ ಹುಡುಗರು, ಹಾಲಿನ ಕ್ಯಾನು ಕಟ್ಟಿದವರು, ರಾತ್ರಿ ಪಾಳಿಯ ವಾಚ್‌ಮನ್ನರು ಕೂಡ ಕತ್ತಲಲ್ಲೇ ತುಳಿಯುತ್ತಾರೆ.

ಪೊಲೀಸರು ಬಂದು ನಿಲ್ಲಿಸಲಿ ಎಂದು ಕಾಯಬೇಕಾಗಿಲ್ಲ. ನಿಮ್ಮ ಮನೆಗೆ ಸೈಕಲ್ಲಿನಲ್ಲಿ ಬರುವವರ ಹಿಂದಿನ ಮಡ್‌ಗಾರ್ಡನ್ನು ಈ ಸಂಜೆ ಒಮ್ಮೆ ನೋಡಿ. ಕೆಂಪು ರಿಫ್ಲೆಕ್ಟರು ಇಲ್ಲದಿದ್ದರೆ ಒಂದು ತಂದು ಹಾಕಿಸಿಕೊಡಿ, ಜೊತೆಗೆ ಒಂದು ಚಿಕ್ಕ ದೀಪವನ್ನೂ.