ಹಿಂದುಳಿದ ಹುಳುಗಳು

ನಮ್ಮ ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಿಂದ ಜೇನುಪೆಟ್ಟಿಗೆ ಎತ್ತುವುದು ಕತ್ತಲಾದ ಮೇಲೆ, ಹುಳುಗಳು ಗೂಡು ಸೇರಿದಾಗ. ಹೊರಗುಳಿದವು ಬೆಳಿಗ್ಗೆ ಹಳೇ ಜಾಗಕ್ಕೇ ಬರುತ್ತವೆ. ಅವುಗಳಿಗೆ ಗುರುತಿರುವುದು ಪೆಟ್ಟಿಗೆಯಲ್ಲ, ಜಾಗ. ಬರಿಗಾಳಿಯಲ್ಲಿ ಸುತ್ತಿ ಸುತ್ತಿ ಕಲ್ಲಿನ ಮೇಲೆ ಮುದ್ದೆಗಟ್ಟುತ್ತವೆ.

ಬಿ.ಎ. ಪಾಸಾಗಿ ಪೆಟ್ಟಿಗೆ ಹೊರುವ ಕೂಲಿಗೆ ಹೋಗಿದ್ದ ನಾನು, ಹಳೇ ಎರಿಯಿಟ್ಟ ಪೆಟ್ಟಿಗೆಯೊಂದನ್ನು ಅಲ್ಲಿಟ್ಟು ಕಾದೆ. ಸಂಜೆಗೆ ಒಳಹೊಕ್ಕವು. ಸೊರಗಿದ ಇನ್ನೊಂದು ಕುಟುಂಬದ ಮೇಲೆ ಪತ್ರಿಕೆಯ ಹಾಳೆ ಹಾಸಿ, ಅದರ ಮೇಲೆ ಇವನ್ನಿಟ್ಟೆವು. ಎರಡೂ ಕಡೆಯವು ಹಾಳೆ ಕಡಿದು ಮುಗಿಸುವಷ್ಟರಲ್ಲಿ ವಾಸನೆ ಒಂದಾಗುತ್ತದೆ. ಇಲ್ಲದಿದ್ದರೆ ಕಚ್ಚಾಡಿ ಸಾಯುತ್ತವೆ.

1976ರಲ್ಲಿ ಜೀತ ರದ್ದಾದಾಗ ಧಣಿ ನಮ್ಮ ಅಜ್ಜನನ್ನು ಬಿಟ್ಟ. ತೋಟದಂಚಿನ ಗುಡಿಸಲನ್ನೂ ಕಿತ್ತ. ಹುಳುಗಳ ಸುದ್ದಿ ಕೇಳಿ ಅವ್ವ ಅಂದಳು:

"ನಮ್ಮವ್ವನೂ ತಿಂಗಳೊಪ್ಪತ್ತು ಅದೇ ಜಾಗಕ್ಕೋಗಿ ಕೂತ್ಕೊಳೋಳು ಕಣ್ಲಾ. ನಮ್ಗ್ಯಾರು ಪೆಟ್ಟಿಗೆ ತಂದ್ರು?"