ಕಾರಿನ ಹೊಳಪು

ಕಾರಿರುವ ಸಂಸಾರಸ್ಥರಲ್ಲಿ ಎರಡು ಪಂಗಡಗಳುಂಟು. ಕಾರು ಓಡಿದರೆ ಸಾಕು ಎನ್ನುವವರದು ಒಂದು. ಓಡಿದರಷ್ಟೇ ಸಾಲದು, ಅದರ ಬಾಗಿಲಿನಲ್ಲಿ ಮುಖ ನೋಡಿಕೊಂಡು ತಲೆ ಬಾಚುವಂತಿರಬೇಕು ಎನ್ನುವವರದು ಇನ್ನೊಂದು. ಈ ಎರಡನೆಯ ಪಂಗಡದಲ್ಲಿಯೂ ಈಚೆಗೆ ಒಡಕು ಹುಟ್ಟಿದೆ. ಮೇಣವನ್ನು ಕೈಯಿಂದಲೇ ತಿಕ್ಕಬೇಕೆನ್ನುವವರು ಹಳಬರು. ಗಿರ್ರೆಂದು ತಿರುಗುವ ಯಂತ್ರಕ್ಕೆ ಒಪ್ಪಿಸಬೇಕೆನ್ನುವವರು ಹೊಸಬರು. ದ್ವೈತಾದ್ವೈತಗಳ ವಾದಕ್ಕಾದರೂ ಒಂದು ಕೊನೆಯಿದ್ದೀತು, ಇದಕ್ಕೆ ಇರುವಂತೆ ತೋರುವುದಿಲ್ಲ.

ಕಡೂರಿನ ನಿವೃತ್ತ ಹೆಡ್‌ಮಾಸ್ತರರೊಬ್ಬರು ಮೊದಲನೆಯ ಪಕ್ಷದ ಕಟ್ಟಾಳು. ಅವರ ಬಳಿ ಇರುವುದು ೧೯೮೪ರಲ್ಲಿ ಕೊಂಡ ಕಡುನೀಲಿ ಬಣ್ಣದ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾದ ಕಾರ್ಖಾನೆಯಿಂದ ೧೯೬೪ರಲ್ಲಿ ಫಿಯಟ್ ೧೧೦೦ ಡಿಲೈಟ್ ಎಂಬ ಹೆಸರಿನಲ್ಲಿ ಹೊರಟು, ಹತ್ತು ವರ್ಷಗಳ ಮೇಲೆ ಚಿತ್ತೋಡದ ರಾಣಿಯ ಹೆಸರನ್ನು ಪಡೆದ ವಂಶ ಅದು. ವಂಶ ನಿಂತುಹೋಗಿ ಎಷ್ಟೋ ವರ್ಷಗಳಾದರೂ ಮೇಷ್ಟರ ಮನೆಯ ರಾಣಿ ಮಾತ್ರ ಇನ್ನೂ ಮುತ್ತೈದೆಯಂತೆ ಹೊಳೆಯುತ್ತಿದ್ದಳು. ಪ್ರತಿ ಶನಿವಾರ ಸಂಜೆ, ಬಿಸಿಲು ತೆಂಗಿನ ಮರಗಳ ಹಿಂದಕ್ಕೆ ಸರಿದಮೇಲೆ, ಮೇಷ್ಟರು ಹಳೆಯ ಮಲ್ಲಿನ ಪಂಚೆಯ ತುಂಡನ್ನೂ ತಗಡಿನ ಡಬ್ಬವನ್ನೂ ಹಿಡಿದು ಅಂಗಳಕ್ಕೆ ಇಳಿಯುವರು. ಮೊದಲು ನೀರೆರೆದು ಧೂಳನ್ನು ಕಳೆಯುವುದು, ಆರಿಸುವುದು, ಬೆರಳ ತುದಿಯಷ್ಟು ಮೇಣವನ್ನು ಬಟ್ಟೆಗೆ ತಾಗಿಸಿ ಸಣ್ಣ ಸಣ್ಣ ವೃತ್ತಗಳಲ್ಲಿ ಹಚ್ಚುವುದು, ಮಂಜು ಕವಿದಂತಾದಮೇಲೆ ಬೇರೊಂದು ಬಟ್ಟೆಯಿಂದ ಒರಸುವುದು. ಈ ಕ್ರಮಕ್ಕೆ ಲೋಪ ಬಂದದ್ದಿಲ್ಲ. ಬಾನೆಟ್ಟಿನಿಂದ ಆರಂಭ. ಕತ್ತಲಾಗುವ ವೇಳೆಗೆ ಬಾಗಿಲುಗಳವರೆಗೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಆಯುಧಪೂಜೆಯಲ್ಲಿ ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಲು ಅವರ ಹೆಂಡತಿಗೆ ಅಪ್ಪಣೆಯಿರಲಿಲ್ಲ. ಬಣ್ಣಕ್ಕೆ ಕಲೆಯಾಗುವುದೆಂದು ಆ ಸೌಭಾಗ್ಯವೆಲ್ಲ ನಂಬರ್ ಪ್ಲೇಟಿಗೇ ಮೀಸಲು.

ಕಾರಿನ ಮೇಣವೆಂದರೆ ನಮ್ಮ ಜೇನುಮೇಣವಷ್ಟೇ ಅಲ್ಲ. ಅದರಲ್ಲಿ ಹೆಸರಾದುದು ಕಾರ್ನೌಬಾ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಮರದ ಎಲೆಗಳಿಂದ ಒಣಗಿಸಿ ಬಡಿದು ತೆಗೆಯುವ ಮೇಣ. ಬಿಸಿಲಿಗೆ ಎಲೆಯ ನೀರು ಆರಿಹೋಗದಂತೆ ಮರ ತಾನೇ ಸವರಿಕೊಂಡ ಲೇಪ ಅದು. ಜೇನುಮೇಣ ೬೩ ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಕರಗಿದರೆ ಇದು ೮೦ ದಾಟಿದ ಮೇಲೆಯೇ ಕರಗುವುದು. ಕಡೂರಿನ ಬಯಲು ಬಿಸಿಲಿನಲ್ಲಿ ನಿಲ್ಲುವ ಕಾರಿಗೆ ಬ್ರೆಜಿಲಿನ ಮರ ನೆರಳು ಕೊಡುತ್ತದೆ ಎಂದು ಮೇಷ್ಟರು ಹೇಳುತ್ತಿದ್ದುದುಂಟು.

ಮೇಷ್ಟರ ಭಾವಮೈದ ತರೀಕೆರೆಯಲ್ಲಿ ಅಡಕೆಯ ವ್ಯಾಪಾರಸ್ಥ, ಹೊಸ ಪಕ್ಷದವನು. ತಿಂಗಳಿಗೊಮ್ಮೆ ಬೆಂಗಳೂರಿನ ನೆಂಟರನ್ನು ಕೆಮ್ಮಣ್ಣುಗುಂಡಿಗೆ ಹತ್ತಿಸುವುದು, ಊರ ಹೆಸರನ್ನು ಸಾರ್ಥಕಗೊಳಿಸುವ ಕೆಂಧೂಳನ್ನು ಹೊತ್ತು ಇಳಿಯುವುದು, ಕಾರನ್ನು ಪಾಲಿಷ್ ಅಂಗಡಿಗೆ ಬಿಟ್ಟು ಕಾಫಿಗೆ ಹೋಗುವುದು, ಇದು ಅವನ ಪದ್ಧತಿ. ಶನಿವಾರಗಳನ್ನು ಕಾರಿಗೆ ಧಾರೆಯೆರೆಯುವುದು ಹುಚ್ಚೆಂದು ಅವನ ಮತ. ಒಮ್ಮೆ ಅವನು ಅಮೃತಾಪುರವನ್ನೇ ಸಾಕ್ಷಿಗೆ ಎಳೆದು ತಂದ.

"ವರ್ಷಾ ವರ್ಷಾ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿ ದೇವಸ್ಥಾನದ ಕಂಬಗಳನ್ನು ತೋರಿಸುತ್ತಿದ್ದಿರಲ್ಲ ಭಾವ, ಅವೇನು ಪಂಚೆಯಲ್ಲಿ ತಿಕ್ಕಿದವೋ?"

ಪ್ರಶ್ನೆ ತಕ್ಕದ್ದೇ. ತರೀಕೆರೆಯ ಸಮೀಪದ ಅಮೃತೇಶ್ವರ ದೇವಾಲಯವನ್ನು ಇಮ್ಮಡಿ ವೀರಬಲ್ಲಾಳನ ದಂಡನಾಯಕ ೧೧೯೬ರಲ್ಲಿ ಕಟ್ಟಿಸಿದ. ಅಲ್ಲಿಯ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ. ಮಂಟಪದ ಕಂಬಗಳು ಬಳಪದ ಕಲ್ಲಿನವು; ಚಕ್ರಕ್ಕೆ ಕೊಟ್ಟು ತಿರುಗಿಸಿ ಕಡೆದವು. ಎಂಟು ಶತಮಾನಗಳು ಕಳೆದರೂ ಅವುಗಳ ಮೈಯಲ್ಲಿ ಬೆಳಕು ಜಾರುತ್ತದೆ. ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಂಬ ಚಕ್ರದ್ದು, ಒಪ್ಪಿದೆ. ಹೊರಗೋಡೆಯಲ್ಲಿ ರಾಮಾಯಣದ ಎಪ್ಪತ್ತು ಪಟ್ಟಿಕೆಗಳಿವೆಯಲ್ಲ, ಅವುಗಳನ್ನು ಯಾವ ಚಕ್ರಕ್ಕೆ ಕೊಟ್ಟರಪ್ಪ?" ಎಂದರು. ಅಂದಿನ ವಾದ ಅಲ್ಲಿಗೆ ನಿಂತಿತು. ಇಬ್ಬರೂ ಗೆದ್ದೆವೆಂದುಕೊಂಡು ಊಟಕ್ಕೆ ಎದ್ದರು.

ವಾದವನ್ನು ಮುಂದುವರಿಸಿದ್ದು ಮೇಷ್ಟರ ಬಲದ ಭುಜ. ಕಳೆದ ವರ್ಷ ಅದು ಹಿಡಿದುಕೊಂಡು ಕೈ ಎದೆಯ ಮೇಲಕ್ಕೆ ಏಳದಾಯಿತು. ಆರು ಶನಿವಾರಗಳು ಡಬ್ಬದ ಮುಚ್ಚಳ ತೆರೆಯದೆ ಕಳೆದವು. ಅಷ್ಟರಲ್ಲಿ ಅಜ್ಜಂಪುರದಲ್ಲಿ ತಂಗಿಯ ಮಗಳ ಮದುವೆ ನಿಶ್ಚಯವಾಯಿತು. ವಧೂವರರು ಮಾವನ ಪದ್ಮಿನಿಯಲ್ಲಿಯೇ ಬರಬೇಕೆಂದು ಹುಡುಗಿಯ ಹಟ. ಮಂಕಾದ ಕಾರಿನಲ್ಲಿ ಮದುಮಗಳನ್ನು ಕೂರಿಸುವುದೆಂತು? "ಏನೂಂದ್ರೆ, ಹಟ ಸಾಕು, ತಮ್ಮನ ಅಂಗಡಿಗೇ ಕೊಡಿ" ಎಂದು ಮನೆಯಾಕೆ ಹೇಳಿದಾಗ ಮೇಷ್ಟರಿಗೆ ಎದುರಾಡಲು ಭುಜವಿರಲಿಲ್ಲ.

ಅಂಗಡಿಯ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವರ್ಷ. ಯಂತ್ರವನ್ನು ಎತ್ತುವ ಮೊದಲು ಅವನು ಬಿಳಿಯ ಬಟ್ಟೆಗೆ ಒಂದಿಷ್ಟು ಪಾಲಿಷ್ ಹಚ್ಚಿ ಬಾಗಿಲಿನ ಮೂಲೆಯಲ್ಲಿ ತಿಕ್ಕಿದ. ಬಟ್ಟೆ ನೀಲಿಯಾಯಿತು. "ಕಾರ್ಖಾನೆ ಬಣ್ಣವೇ ಅಲ್ಲವೇ ಮೇಷ್ಟ್ರೇ?" ಎಂದ. ಮೇಷ್ಟರಿಗೆ ಪರೀಕ್ಷಕನ ಮುಂದೆ ಕುಳಿತ ವಿದ್ಯಾರ್ಥಿಯ ಅನುಭವವಾಗಿರಬೇಕು.

ಹುಡುಗ ತಿಳಿಸಿದ ಸಂಗತಿ ಇಷ್ಟು. ಜನ ಎರಡನ್ನೂ ಪಾಲಿಷ್ ಎಂದೇ ಕರೆದರೂ ಮೇಣ ಬೇರೆ, ಪಾಲಿಷ್ ಬೇರೆ. ಪಾಲಿಷ್ ಬಣ್ಣದ ಮೇಲ್ಪದರವನ್ನು ಕೂದಲೆಳೆಗಿಂತ ಕಡಮೆಯ ಲೆಕ್ಕದಲ್ಲಿ ತರಿದು ಗೀರುಗಳನ್ನು ಕಳೆಯುತ್ತದೆ. ಮೇಣ ಏನನ್ನೂ ತರಿಯದೆ ಮೇಲೆ ಹೊದಿಕೆಯಾಗಿ ಕೂರುತ್ತದೆ. ತರಿಯುವ ಕೆಲಸದಲ್ಲಿ ಯಂತ್ರಕ್ಕೆ ಕೈ ಎಂದೂ ಸಾಟಿಯಲ್ಲ. ಮೇಣದ ಕೆಲಸದಲ್ಲಾದರೋ ಯಂತ್ರದಿಂದ ಉಳಿಯುವುದು ಹೊತ್ತು ಮಾತ್ರ. ಹಚ್ಚಿದ್ದರಲ್ಲಿ ಹೆಚ್ಚಾದುದನ್ನು ಒರಸಿಬಿಟ್ಟ ಮೇಲೆ ಉಳಿಯುವ ಪದರ ಎರಡರಲ್ಲಿಯೂ ಒಂದೇ. ಹೊಸ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂಥ ಬಣ್ಣವಿಲ್ಲದ ಪದರವೊಂದಿರುತ್ತದೆ, ನಲವತ್ತೈವತ್ತು ಮೈಕ್ರಾನಿನಷ್ಟು. ಪಾಲಿಷ್ ತರಿಯುವುದು ಅದನ್ನು. ಹಳೆಯ ಪದ್ಮಿನಿಗೆ ಆ ಕವಚವಿಲ್ಲ. ಅಲ್ಲಿ ಬಟ್ಟೆಗೆ ಬರುವುದು ಬಣ್ಣವೇ. ಯಂತ್ರದಲ್ಲಿಯೂ ಎರಡು ಜಾತಿ: ಒಂದೇ ಅಚ್ಚಿನ ಮೇಲೆ ಸುತ್ತುವುದು ಒಂದೆಡೆ ನಿಂತರೆ ಕಾಯಿಸಿ ಬಣ್ಣವನ್ನು ಸುಡುತ್ತದೆ, ಅಂಚುಗಳಲ್ಲಂತೂ ಕ್ಷಣಮಾತ್ರದಲ್ಲಿ, ಸುತ್ತುತ್ತಲೇ ಅತ್ತಿತ್ತ ಓಲಾಡುವುದು ಅಷ್ಟು ಕ್ರೂರಿಯಲ್ಲ.

ಇಷ್ಟು ಹೇಳಿ ಹುಡುಗ ದೀಪವನ್ನು ಬಾನೆಟ್ಟಿಗೆ ಓರೆಯಾಗಿ ಹಿಡಿದ. ನಡುವೆ, ಚಾಲಕನ ಕಡೆಗೆ, ಅಂಗೈಯಗಲದ ಜಾಗದಲ್ಲಿ ನೀಲಿಯ ಕೆಳಗಿನಿಂದ ಬೂದುಬಣ್ಣದ ಅಸ್ತರಿ ಇಣುಕುತ್ತಿತ್ತು.

"ಇಲ್ಲಿಗೆ ಯಂತ್ರ ಮುಟ್ಟಿಸಲಾರೆ ಮೇಷ್ಟ್ರೇ. ಯಾರೋ ಬಹಳ ತಿಕ್ಕಿದ್ದಾರೆ."

ಮೇಷ್ಟರ ಜೇಬಿನಿಂದ ಹೊರಬಂದ ಡಬ್ಬವನ್ನು ಅವನು ಓದಿ ನೋಡಿದ. ಅದರಲ್ಲಿದ್ದುದು ಬರಿಯ ಮೇಣವಲ್ಲ. ಕೊಳೆ ತೆಗೆಯುವ ನುಣ್ಣನೆಯ ಹುಡಿಯೂ ಕೂಡಿದ ಬೆರಕೆ. ನಲವತ್ತು ವರ್ಷಗಳ ಶನಿವಾರಗಳೆಲ್ಲ ಬಾನೆಟ್ಟಿನಿಂದ ಆರಂಭವಾಗಿ, ಬಾಗಿಲುಗಳನ್ನು ಮುಟ್ಟುವ ಮೊದಲೇ ಕತ್ತಲಾಗುತ್ತಿದ್ದವಷ್ಟೆ. ಹಿಂದಿನ ಬಾಗಿಲುಗಳ ಬಣ್ಣ ಹೊಸತರಂತೆ ದಪ್ಪವಾಗಿತ್ತು. ಪಂಚೆಯ ತುಂಡುಗಳು ನೀಲಿಯಾಗುತ್ತಿದ್ದುದನ್ನು ಕಂಡು, ಪಂಚೆಗೂ ಹೊಳಪು ಬಂತೆಂದು ಮನೆಯಾಕೆ ನಗುತ್ತಿದ್ದುದು ಮೇಷ್ಟರಿಗೆ ಆಗ ನೆನಪಾಗದೆ ಇರಲಾರದು. ಅವರು ಬಾನೆಟ್ಟಿನ ಮೇಲೆ ಎಡಗೈಯನ್ನು ಇಟ್ಟು ಸ್ವಲ್ಪ ಹೊತ್ತು ನಿಂತರು. ಭಾವಮೈದ ಗೆಲುವಿನ ಮಾತೊಂದನ್ನೂ ಆಡಲಿಲ್ಲ. ಒಳ್ಳೆಯ ಮನುಷ್ಯ.

ಹುಡುಗ ಅಂಚುಗಳಿಗೆಲ್ಲ ಕಾಗದದ ಟೇಪನ್ನು ಅಂಟಿಸಿ, ಓಲಾಡುವ ಯಂತ್ರದಿಂದ ಬಾಗಿಲುಗಳನ್ನೂ ಡಿಕ್ಕಿಯನ್ನೂ ಬೆಳಗಿದ. ಬಾನೆಟ್ಟಿಗೆ ಹುಡಿಯಿಲ್ಲದ ಶುದ್ಧ ಮೇಣವೊಂದನ್ನು ಕೊಟ್ಟು, ಕೈಯಿಂದ, ಭಾರ ಹಾಕದೆ, ಎರಡು ಮೂರು ತಿಂಗಳಿಗೊಮ್ಮೆ ಹಚ್ಚಿದರೆ ಸಾಕೆಂದ. ಮದುವೆಯ ಹಿಂದಿನ ದಿನ ಅದನ್ನು ಹಚ್ಚಿದವಳು ಮೇಷ್ಟರ ಮೊಮ್ಮಗಳು. ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, "ಮೆಲ್ಲಗೆ, ಮಗುವಿನ ಕೆನ್ನೆ ಒರಸಿದ ಹಾಗೆ" ಎಂದು ಪಾಠ ಹೇಳಿದರು. ಬೂದಿಯ ಕಲೆ ಹೋಗಲಿಲ್ಲ. ಅದರ ಮೇಲೆ ಮದುವೆಯ ಹೂವಿನ ಹಾರ ಬಂತು.

ಬೀರೂರು ದಾಟಿ ಅಜ್ಜಂಪುರದ ದಾರಿ ಹಿಡಿದರೆ ಬೇಸಗೆಯ ಹೊಲಗಳ ಧೂಳಿಗೆ ಯಾವ ಮೇಣವೂ ಲೆಕ್ಕವಿಲ್ಲ. ಧಾರೆ ಮುಗಿದು, ಊಟವಾಗಿ, ಮೇಷ್ಟರು ಚಪ್ಪರದಿಂದ ಹೊರಬರುವ ವೇಳೆಗೆ ಮಕ್ಕಳು ಹೊಸದಾಗಿ ಬೆಳಗಿದ ಬಾಗಿಲಿನ ಧೂಳಿನಲ್ಲಿ ಬೆರಳಿನಿಂದ ಊರ ಹೆಸರನ್ನು ದೊಡ್ಡದಾಗಿ ಬರೆದಿದ್ದರು. ಜಕಾರದ ಒತ್ತು ಬಿಟ್ಟುಹೋಗಿತ್ತು. ಭಾವಮೈದ ಕರವಸ್ತ್ರ ತೆಗೆದು ಒರಸಲು ಹೋದ. "ಒಣಬಟ್ಟೆ ಮುಟ್ಟಿಸಬೇಡವಯ್ಯ, ಗೀರು ಬಿದ್ದೀತು" ಎಂದು ಮೇಷ್ಟರು ತಡೆದರು. ಒತ್ತು ಹಾಕಲು ತಾವು ಎತ್ತಿದ್ದ ಬೆರಳನ್ನೂ ಹಿಂದಕ್ಕೆ ತೆಗೆದುಕೊಂಡು, ಒಂದು ಬಕೆಟ್ಟು ನೀರು ತರುವಂತೆ ಮೊಮ್ಮಗಳನ್ನು ಕೂಗಿದರು.