ಮೊದಲ ತಪ್ಪು ಎಲ್ಲಿದೆ?

ಬೋಧನಾಭ್ಯಾಸದ ಮೂರನೆಯ ವಾರ ಹತ್ತನೆಯ ತರಗತಿಗೆ ಓಮನ ನಿಯಮದ ಪ್ರಯೋಗ ಮಾಡಿಸಿದೆ. ಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಅಮ್ಮೀಟರುಗಳು ಮೂರು. ಹಾಗಾಗಿ ಮೂರು ಗುಂಪು ಮಾಡಿ, ಪ್ರತಿ ಗುಂಪಿಗೂ 10 ಓಮ್‌ನ ಒಂದು ರೋಧಕ ಕೊಟ್ಟೆ. ಮಕ್ಕಳು ಉತ್ಸಾಹದಿಂದಲೇ ಅಳತೆ ತೆಗೆದುಕೊಂಡರು. ಆದರೆ ನಕ್ಷೆ ಹಾಳೆಯಲ್ಲಿ ಗುರುತಿಸಿದ ಬಿಂದುಗಳು ಒಂದೇ ಗೆರೆಯ ಮೇಲೆ ಬರಲಿಲ್ಲ. ಕೆಲವರು ಬಿಂದುವಿನಿಂದ ಬಿಂದುವಿಗೆ ಅಂಕುಡೊಂಕಾಗಿ ಗೆರೆ ಎಳೆದರು. ಕೆಲವರು ಮೊದಲನೆಯದನ್ನೂ ಕೊನೆಯದನ್ನೂ ಸೇರಿಸಿ ಮುಗಿಸಿದರು. ಮುಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸರ್, ಇವುಗಳಲ್ಲಿ ಸರಿಯಾದ ಗೆರೆ ಯಾವುದು?"

ಒಳ್ಳೆಯ ಪ್ರಶ್ನೆ. ಉತ್ತರವನ್ನು ಸೋಮವಾರ ಕಂಪ್ಯೂಟರಿನಲ್ಲಿ ತೋರಿಸುತ್ತೇನೆ ಎಂದುಬಿಟ್ಟೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತದ ಜೊತೆ ಕಂಪ್ಯೂಟರ್ ವಿಜ್ಞಾನ ಓದಿದವನು ನಾನು. ಮಕ್ಕಳು ತಮ್ಮ ಅಳತೆಗಳನ್ನು ಕೊಟ್ಟ ಕೂಡಲೇ ಅವುಗಳಿಗೆ ಅತ್ಯಂತ ಹೊಂದುವ ಸರಳರೇಖೆಯನ್ನು ಕಂಡುಹಿಡಿಯುವ ಒಂದು ಪುಟ್ಟ ಪ್ರೋಗ್ರಾಂ ಸಿ ಭಾಷೆಯಲ್ಲಿ ಬರೆಯಬೇಕು ಎಂಬುದು ನನ್ನ ಯೋಜನೆ. ಅದಕ್ಕೆ ಬೇಕಾದ ಗಣಿತ ಗ್ನೂ ಸೈಂಟಿಫಿಕ್ ಲೈಬ್ರರಿಯಲ್ಲಿ ಸಿದ್ಧವಾಗಿದೆ. 1996ರಲ್ಲಿ ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದ ಭೌತವಿಜ್ಞಾನಿಗಳಾದ ಮಾರ್ಕ್ ಗಲಾಸ್ಸಿ ಮತ್ತು ಜೇಮ್ಸ್ ಥೈಲರ್ ಆರಂಭಿಸಿದ ಈ ಲೈಬ್ರರಿಯಲ್ಲಿ ಸಾವಿರಕ್ಕೂ ಹೆಚ್ಚು ಫಂಕ್ಷನ್‌ಗಳಿವೆ. ಅದು ಮುಕ್ತ ತಂತ್ರಾಂಶ. ಅಂದರೆ ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಪಡೆದು, ಓದಿ, ತಿದ್ದಿ, ಹಂಚಬಹುದು.

ಶುಕ್ರವಾರ ನಮ್ಮ ಮಾರ್ಗದರ್ಶಕ ಮೇಡಂ ವಾರಾಂತ್ಯಕ್ಕೆ ಏನು ಕೆಲಸ ಎಂದು ಕೇಳಿದರು. "ಲೈಬ್ರರಿ ಕಂಪೈಲ್ ಮಾಡುತ್ತೇನೆ ಮೇಡಂ" ಎಂದೆ. ನಮ್ಮ ಗ್ರಂಥಾಲಯದ ಪುಸ್ತಕಗಳ ಪಟ್ಟಿ ಮಾಡುತ್ತೇನೆಂದು ತಿಳಿದು ಅವರು ಬಹಳ ಸಂತೋಷಪಟ್ಟರು. ವಿಷಯ ಬಿಡಿಸಿ ಹೇಳಿದ ಮೇಲೆ, "ಅಷ್ಟಕ್ಕೆ ಎಕ್ಸೆಲ್ ಸಾಲದೇ?" ಎಂದರು. ಸಾಕಾಗುತ್ತಿತ್ತು. ಆದರೆ ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಈ ವಿಷಯ ಓದದ ಗೆಳೆಯರಿಗಾಗಿ ಒಂದೆರಡು ಮಾತು. ಪ್ರೋಗ್ರಾಮರ್ ಬರೆದ ಮೂಲ ಸಂಕೇತವನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುವುದೇ ಕಂಪೈಲ್ ಮಾಡುವುದು. ಗ್ನೂ ಲೈಬ್ರರಿಯಂಥವಕ್ಕೆ ಸಾಮಾನ್ಯವಾಗಿ ಮೂರು ಆಜ್ಞೆ. 'ಕಾನ್ಫಿಗರ್' ಎಂಬುದು ನಿಮ್ಮ ಯಂತ್ರದಲ್ಲಿ ಏನೇನಿದೆ ಎಂದು ಪರೀಕ್ಷಿಸುತ್ತದೆ. 'ಮೇಕ್' ಎಂಬುದು ನೂರಾರು ಕಡತಗಳನ್ನು ಒಂದೊಂದಾಗಿ ಕಂಪೈಲ್ ಮಾಡಿ ಜೋಡಿಸುತ್ತದೆ. 'ಮೇಕ್ ಇನ್‌ಸ್ಟಾಲ್' ಎಂಬುದು ಸಿದ್ಧವಾದದ್ದನ್ನು ಅದರದರ ಜಾಗದಲ್ಲಿಡುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ ಬೇಕಾದ ಸಲಕರಣೆ ಸುಲಭವಾಗಿ ಸಿಗುತ್ತದೆ. ವಿಂಡೋಸ್‌ನಲ್ಲಿ ಅವು ಇರುವುದಿಲ್ಲ, ಹೊರಗಿನಿಂದ ತಂದುಕೊಳ್ಳಬೇಕು. ಹಾಗೆ ತರಲು ನಾನು ಎಂಸಿಸ್2 ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡೆ.

ಶನಿವಾರ ಸಂಜೆ ಆರು ಗಂಟೆಗೆ ಕುಳಿತೆ. ಪ್ಯಾಕ್‌ಮ್ಯಾನ್ ಆಜ್ಞೆಯಿಂದ ಜಿಸಿಸಿ ಕಂಪೈಲರ್ ಬಂತು. ಕಾನ್ಫಿಗರ್ ಕೊಟ್ಟೆ. ಕೆಲವೇ ಸಾಲು ಓಡಿ ನಿಂತಿತು: ಒಪ್ಪುವಂಥ ಸಿ ಕಂಪೈಲರ್ ಹುಡುಕುದಾರಿಯಲ್ಲಿ ಸಿಗಲಿಲ್ಲವಂತೆ. ಈಗತಾನೇ ಹಾಕಿದ್ದೇನಲ್ಲ! ಮತ್ತೆ ಹಾಕಿದೆ. ಮತ್ತೆ ಅದೇ ಉತ್ತರ. ಒಂದು ಗಂಟೆ ಕಳೆದ ಮೇಲೆ ಕಂಡುಕೊಂಡ ಸಂಗತಿ ಇಷ್ಟು: ಎಂಸಿಸ್2 ಹಾಕಿದಾಗ ಸ್ಟಾರ್ಟ್ ಮೆನುವಿನಲ್ಲಿ ಒಂದಲ್ಲ, ಹಲವು ಕಿಟಕಿಗಳ ಗುರುತು ಬರುತ್ತವೆ. ನಾನು ಯುಸಿಆರ್‌ಟಿ64 ಎಂಬುದಕ್ಕೆ ಸೇರಿದ ಕಂಪೈಲರ್ ಹಾಕಿ, ಕೆಲಸ ಮಾಡಲು ಎಂಸಿಸ್ ಎಂಬ ಬೇರೆ ಕಿಟಕಿ ತೆರೆದಿದ್ದೆ. ಸಲಕರಣೆ ಒಂದು ಕೋಣೆಯಲ್ಲಿ, ನಾನು ಇನ್ನೊಂದು ಕೋಣೆಯಲ್ಲಿ. ಎರಡೂ ಕಿಟಕಿ ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ.

ಸರಿಯಾದ ಕಿಟಕಿಯಲ್ಲಿ ಕಾನ್ಫಿಗರ್ ಓಡತೊಡಗಿತು. ಈ ಆಜ್ಞೆಯ ಸಾಲುಗಳನ್ನು ನಾನು ಬಿ.ಎಸ್ಸಿ.ಯಲ್ಲಿ ಎಂದೂ ಓದಿರಲಿಲ್ಲ, ಮುಗಿದರೆ ಸಾಕು ಎಂದು ಕಾಯುತ್ತಿದ್ದೆ. ಅಂದು ವಿಂಡೋಸ್‌ನಲ್ಲಿ ಅದು ನಿಧಾನವಾಗಿ ಓಡಿದ್ದರಿಂದ ಓದಿದೆ. ಕಂಪೈಲರ್ ಇದೆಯೇ? ಇದೆ. ಅದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಈ ಹೆಡರ್ ಕಡತ ಇದೆಯೇ? ಇಲ್ಲ. ಈ ಫಂಕ್ಷನ್ ಸಿಗುತ್ತದೆಯೇ? ಸಿಗುತ್ತದೆ. ಒಂದೊಂದಕ್ಕೂ ಒಂದು ಪುಟ್ಟ ಪರೀಕ್ಷೆ ಮಾಡಿ ನೋಡುತ್ತದೆ. 'ಇರಬಹುದು' ಎಂದುಕೊಂಡು ಮುಂದೆ ಹೋಗುವುದಿಲ್ಲ.

ಆಮೇಲೆ ಮೇಕ್. ಸ್ವಲ್ಪ ಹೊತ್ತು ಓಡಿ, ಪರದೆ ತುಂಬ ಸಾಲುಗಳನ್ನು ಸುರಿದು ನಿಂತಿತು. ಕೊನೆಯ ಸಾಲಿನಲ್ಲಿ 'ಎರರ್ 2' ಎಂದಿತ್ತು. ಈ ಎರಡನೆಯ ನಂಬರಿನ ತಪ್ಪು ಏನಿರಬಹುದು ಎಂದು ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಅದಕ್ಕೆ ಅಂಥ ಅರ್ಥವೇನೂ ಇಲ್ಲ. 'ಕೆಲಸ ಕೆಟ್ಟಿದೆ' ಎಂದಷ್ಟೇ ಮೇಕ್ ಹೇಳುತ್ತಿರುತ್ತದೆ. ಅದರ ಮೇಲಿನ ಸಾಲೂ ಅದನ್ನೇ ಹೇಳುತ್ತದೆ, ಅದರ ಮೇಲಿನದೂ ಅದನ್ನೇ. ಸೋತು ಹಾಸ್ಟೆಲಿನ ಸಹಪಾಠಿಯೊಬ್ಬನನ್ನು ಕರೆದೆ. ಅವನು ಪರದೆ ನೋಡಿ, "ಕೊನೆಯ ಸಾಲು ಯಾಕೋ ಓದ್ತೀಯ? ಮೇಲಕ್ಕೆ ಹೋಗು. ಮೊದಲನೇ ತಪ್ಪು ಎಲ್ಲಿದೆ ನೋಡು, ಮಿಕ್ಕಿದ್ದೆಲ್ಲ ಅದರ ಮರಿಗಳು" ಎಂದ.

ಮೇಲಕ್ಕೆ ಹೋದೆ. ಸುಮಾರು ನಲವತ್ತು ಸಾಲುಗಳ ಹಿಂದೆ ಮೊದಲ ತಪ್ಪಿತ್ತು: ಅಂಥ ಕಡತವೇ ಇಲ್ಲ ಎಂಬ ದೂರು. ಕಡತದ ಹೆಸರು ನೋಡಿದರೆ ನನ್ನ ಫೋಲ್ಡರಿನ ಅರ್ಧ ಹೆಸರು. 'ಬಿಎಡ್ ಪ್ರಾಜೆಕ್ಟ್' ಎಂದು ನಡುವೆ ಜಾಗ ಬಿಟ್ಟು ಹೆಸರಿಟ್ಟಿದ್ದೆ. ವಿಂಡೋಸ್‌ಗೆ ಅದು ಒಂದೇ ಹೆಸರು. ಮೇಕ್‌ಗೆ ಜಾಗ ಬಂದಲ್ಲಿ ಹೆಸರು ಮುಗಿಯಿತು. ಎಲ್ಲವನ್ನೂ ಸಿ ಡ್ರೈವಿನಲ್ಲಿ ಜಾಗ ಬಿಡದ ಪುಟ್ಟ ಹೆಸರಿನ ಫೋಲ್ಡರಿಗೆ ಸಾಗಿಸಿ, ಮೊದಲಿನಿಂದ ಶುರುಮಾಡಿದೆ. ಈ ಸಲ ಮೇಕ್ ನಿಲ್ಲದೆ ಓಡಿತು.

ಅದು ಓಡುವಷ್ಟು ಹೊತ್ತು ಸುಮ್ಮನೆ ಕೂರುವ ಬದಲು ಪ್ರಯೋಗದ ಪುಸ್ತಕಗಳನ್ನು ತಿದ್ದಲು ಎತ್ತಿಕೊಂಡೆ. ನಾಲ್ಕನೆಯದೋ ಐದನೆಯದೋ ಆ ಹುಡುಗಿಯದು.

ಅವಳ ವಿಷಯ ಹೇಳಬೇಕು. ಗುರುವಾರ ಪ್ರಯೋಗ ಮುಗಿದಾಗ ಅವಳು ಪುಸ್ತಕ ತಂದು ತೋರಿಸಿದ್ದಳು. ಉತ್ತರ 0.01 ಓಮ್. ಬರಬೇಕಾದದ್ದು 10ರ ಆಸುಪಾಸು. ಗಂಟೆ ಹೊಡೆಯಲು ಎರಡು ನಿಮಿಷವಿತ್ತು, ಹಿಂದೆ ಕುಳಿತ ವೀಕ್ಷಕರು ನನ್ನ ಪಾಠದ ಬಗ್ಗೆ ಏನೋ ಬರೆಯುತ್ತಿದ್ದರು. "ಹತ್ತನೇ ಕ್ಲಾಸಿಗೆ ಬಂದು ಇಷ್ಟೂ ಗೊತ್ತಾಗಲ್ವಾ? ಹೋಗಿ ಮೊದಲಿಂದ ಮಾಡ್ಕೊಂಡು ಬಾ" ಎಂದು ಉತ್ತರದ ಮೇಲೆ ಕೆಂಪು ಗೀಟು ಎಳೆದೆ. ಎಲ್ಲರೂ ಕೇಳಿಸಿಕೊಂಡರು. ಶುಕ್ರವಾರದ ತರಗತಿಯಲ್ಲಿ ಅವಳು ಒಮ್ಮೆಯೂ ಕೈ ಎತ್ತಲಿಲ್ಲ. ನಾನು ಅದನ್ನು ಗಮನಿಸಿದ್ದೆ, ಗಮನಿಸದವನಂತೆ ಇದ್ದೆ.

ಈಗ ಗೆಳೆಯನ ಮಾತು ಕಿವಿಯಲ್ಲಿತ್ತು. ಕೊನೆಯ ಸಾಲು ಬಿಟ್ಟು ಮೇಲಿನಿಂದ ಓದಿದೆ. ಕೋಷ್ಟಕದಲ್ಲಿ ವೋಲ್ಟ್‌ಗಳು 1, 2, 3. ಎದುರಿಗೆ ಆಂಪಿಯರ್ ಎಂಬ ತಲೆಬರಹದ ಕೆಳಗೆ 100, 190, 310. ತಪ್ಪು ಅಲ್ಲೇ ಇತ್ತು. ಅವಳ ಗುಂಪಿಗೆ ಸಿಕ್ಕದ್ದು 500ರವರೆಗೆ ಗುರುತುಗಳಿದ್ದ ಮಿಲಿಅಮ್ಮೀಟರ್. ಅವಳು ಮುಳ್ಳು ತೋರಿಸಿದ್ದನ್ನು ಸರಿಯಾಗಿಯೇ ಓದಿದ್ದಳು, ಆದರೆ ಮಿಲಿಆಂಪಿಯರನ್ನು ಆಂಪಿಯರ್ ಎಂದು ಬರೆದಿದ್ದಳು. ಅಲ್ಲಿಂದ ಕೆಳಗೆ ಒಂದೂ ತಪ್ಪಿರಲಿಲ್ಲ. ನಕ್ಷೆಯ ಅಕ್ಷಗಳು ಸರಿ, ಪ್ರಮಾಣ ಸರಿ. ಅಂಕುಡೊಂಕಿಲ್ಲದೆ, ಬಿಂದುಗಳ ನಡುವೆ ಹಾಯುವ ಒಂದೇ ನೇರ ಗೆರೆ. ಇಳಿಜಾರು ತೆಗೆದ ರೀತಿ ಸರಿ, ಭಾಗಾಕಾರ ಸರಿ. ಮುಂದಿನ ಬೆಂಚಿನವನು ಕೇಳಿದ ಪ್ರಶ್ನೆಗೆ ಉತ್ತರ ಇವಳ ನಕ್ಷೆಯಲ್ಲೇ ಇತ್ತು. ನಾನು ಗೀಟು ಎಳೆದದ್ದು ಅವಳ 'ಎರರ್ 2'ರ ಮೇಲೆ.

ಇನ್ನೂ ಮುಜುಗರದ ಸಂಗತಿ ನನ್ನ ಪಾಠಯೋಜನೆಯಲ್ಲಿತ್ತು. 'ಪೂರ್ವಜ್ಞಾನ' ಎಂಬ ಅಂಕಣದಲ್ಲಿ ನಾನು ಬರೆದಿದ್ದೆ: "ವಿದ್ಯಾರ್ಥಿಗಳಿಗೆ ಅಮ್ಮೀಟರ್ ಓದುವುದು ತಿಳಿದಿದೆ." ಯಾರನ್ನು ಕೇಳಿ ಬರೆದೆ? ಯಾರನ್ನೂ ಇಲ್ಲ. ಆ ಅಂಕಣವನ್ನು ನಾವು ಬಹುತೇಕರು ತುಂಬುವುದು ಹಾಗೆಯೇ, ಖಾಲಿ ಬಿಟ್ಟರೆ ಅಂಕ ಹೋಗುತ್ತದೆ ಎಂದು. ಮೂರು ಮೀಟರುಗಳಲ್ಲಿ ಎರಡು ಆಂಪಿಯರಿನವು, ಒಂದು ಮಿಲಿಆಂಪಿಯರಿನದು ಎಂಬುದನ್ನು ನಾನೂ ನೋಡಿರಲಿಲ್ಲ. ಹೊರಗಿನಿಂದ ಅವೂ ಒಂದೇ ಥರ ಕಾಣುತ್ತಿದ್ದವು. ತಪ್ಪು ಕಿಟಕಿಯಲ್ಲಿ ಒಂದು ಗಂಟೆ ಕಳೆದವನಿಗೆ, ಮೀಟರಿನ ಮೇಲಿನ ಒಂದು ಪುಟ್ಟ ಅಕ್ಷರ ನೋಡದ ಹುಡುಗಿಯನ್ನು ಬೈಯುವ ಹಕ್ಕು ಎಲ್ಲಿಯದು?

ಭಾನುವಾರ ಉಳಿದ ಕೆಲಸ. ಲೈಬ್ರರಿ ಸಿದ್ಧವಾಗಿತ್ತು. 'ಮೇಕ್ ಚೆಕ್' ಕೊಟ್ಟು ಅದು ಲೆಕ್ಕಗಳನ್ನು ಸರಿಯಾಗಿ ಮಾಡುತ್ತದೆಯೇ ಎಂದೂ ನೋಡಿಕೊಂಡೆ. ನನ್ನ ಪ್ರೋಗ್ರಾಂ ಜೋಡಿಸುವಾಗ ಮಾತ್ರ ಇನ್ನೊಂದು ತೊಡಕು ಎದುರಾಯಿತು. ಸರಳರೇಖೆ ಹೊಂದಿಸುವ ಫಂಕ್ಷನ್ನಿನ ಹೆಸರು ಗೊತ್ತಿದೆ, ಆದರೆ ಅದು ಎಲ್ಲಿದೆ ತಿಳಿಯದು ಎಂದಿತು. ಹೆಡರ್ ಕಡತದಲ್ಲಿ ಫಂಕ್ಷನ್ನಿನ ಹೆಸರು ಮತ್ತು ಸ್ವರೂಪ ಮಾತ್ರ ಇರುತ್ತವೆ. ಅದರ ಒಡಲು ಲೈಬ್ರರಿಯಲ್ಲಿರುತ್ತದೆ, ಎರಡನ್ನೂ ಜೋಡಿಸಬೇಕು. ಆಜ್ಞೆಯಲ್ಲಿ ಲೈಬ್ರರಿಯ ಹೆಸರನ್ನು ನನ್ನ ಕಡತದ ಹೆಸರಿಗಿಂತ ಮೊದಲು ಬರೆದಿದ್ದೆ. ಆಚೀಚೆ ಮಾಡಿದ ಕೂಡಲೇ ಜೋಡಣೆಯಾಯಿತು. ಜೋಡಿಸುವ ತಂತ್ರಾಂಶ ಎಡದಿಂದ ಬಲಕ್ಕೆ ಓದುತ್ತದೆ. ಬೇಕು ಎಂದು ಯಾರೂ ಕೇಳುವ ಮೊದಲೇ ಲೈಬ್ರರಿ ಸಿಕ್ಕರೆ ಅದರಿಂದ ಏನನ್ನೂ ತೆಗೆದುಕೊಳ್ಳದೆ ಮುಂದೆ ಹೋಗುತ್ತದೆ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಹೇಳುವ ನನ್ನ ಕೆಲವು ಪಾಠಗಳು ನೆನಪಾದವು.

ಸೋಮವಾರ ಶಾಲೆಗೆ ಪೆನ್‌ಡ್ರೈವ್ ಹಿಡಿದು ಹೋದೆ. ಪ್ರೋಗ್ರಾಂ ಓಡಲು ಬೇಕಾದ ಡಿಎಲ್‌ಎಲ್ ಕಡತಗಳನ್ನು ಮರೆಯದೆ ಪಕ್ಕದಲ್ಲೇ ಇಟ್ಟಿದ್ದೆ. ಕ್ಲಿಕ್ ಮಾಡಿದೆ. ಈ ಪ್ರೋಗ್ರಾಂ ನಿಮ್ಮ ವಿಂಡೋಸ್‌ಗೆ ಹೊಂದುವುದಿಲ್ಲ ಎಂಬ ಸಂದೇಶ ಬಂತು. ನಾನು ಕಂಪೈಲ್ ಮಾಡಿದ್ದು 64 ಬಿಟ್‌ಗೆ, ಶಾಲೆಯ ಹಳೆಯ ಕಂಪ್ಯೂಟರಿನಲ್ಲಿದ್ದದ್ದು 32 ಬಿಟ್‌ನ ವಿಂಡೋಸ್. ಅದನ್ನೂ ನಾನು ಮೊದಲೇ ನೋಡಿರಲಿಲ್ಲ. ಪಾಠ ಕಲಿತೆ ಎಂದುಕೊಂಡ ಮರುದಿನವೇ ಅದೇ ತಪ್ಪು.

ನಲವತ್ತು ಮಕ್ಕಳು ಕಾಯುತ್ತಿದ್ದರು. ಅವಳ ಬೆಂಚಿನ ಬಳಿ ಹೋಗಿ, "ನಿನ್ನ ನಕ್ಷೆ ಎಲ್ಲರಿಗೂ ತೋರಿಸಲಾ?" ಎಂದು ಕೇಳಿದೆ. ಅನುಮಾನದಿಂದ ನೋಡಿದಳು, ಪುಸ್ತಕ ಕೊಟ್ಟಳು. ತರಗತಿಗೆ ಹೇಳಿದೆ: "ಗುರುವಾರ ನಾನು ಇವಳ ಕೊನೆಯ ಸಾಲು ಮಾತ್ರ ನೋಡಿ ಬೈದೆ. ಅದು ನನ್ನ ತಪ್ಪು. ಈ ಕ್ಲಾಸಿನಲ್ಲಿ ಗೆರೆಯನ್ನು ಸರಿಯಾಗಿ ಎಳೆದವರಲ್ಲಿ ಇವಳೂ ಒಬ್ಬಳು. ಹೇಗೆ ಎಳೆದಳು ನೋಡೋಣ." ಅವಳ ಬಿಂದುಗಳನ್ನು ಕಪ್ಪುಹಲಗೆಯ ಮೇಲೆ ಹಾಕಿದೆ. ಒಂದು ನೂಲು ತರಿಸಿ, ಇಬ್ಬರು ಮಕ್ಕಳಿಗೆ ಎರಡು ತುದಿ ಹಿಡಿಸಿ, ಬಿಂದುಗಳು ನೂಲಿನ ಎರಡೂ ಬದಿಗೆ ಆದಷ್ಟು ಹತ್ತಿರ ಬರುವಂತೆ ಸರಿಸಲು ಹೇಳಿದೆ. ಉಳಿದವರು ಮೇಲೆ, ಕೆಳಗೆ ಎಂದು ಕೂಗಿದರು. ಸರಿಯಾದ ಗೆರೆ ಯಾವುದು ಎಂಬ ಪ್ರಶ್ನೆಗೆ ನೂಲು ಉತ್ತರ ಕೊಟ್ಟಿತು. ಆಮೇಲೆ ಮೀಟರುಗಳನ್ನು ಮೇಜಿನ ಮೇಲಿಟ್ಟು, ಮೂರರಲ್ಲಿ ಬೇರೆಯದು ಯಾವುದು ಹುಡುಕಿ ಎಂದೆ. ಅವಳೇ ಮೊದಲು ಕಂಡುಹಿಡಿದಳು ಎಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಕಂಡುಹಿಡಿದದ್ದು ಇನ್ನೊಬ್ಬ. ಅವಳು ಅದನ್ನು ನೋಡಿ, ಕೋಷ್ಟಕದ ಆಂಪಿಯರ್ ಎಂಬುದನ್ನು ತಾನೇ ತಿದ್ದಿ, ನನ್ನ ಕೆಂಪು ಗೀಟಿನ ಪಕ್ಕದಲ್ಲಿ ಹೊಸ ಉತ್ತರ ಬರೆದಳು. ಕೈ ಎತ್ತಿದ್ದು ಗುರುವಾರ, ಮುಂದಿನ ಪ್ರಯೋಗದಲ್ಲಿ: "ಸರ್, ಇದು ಮಿಲಿನಾ?"

ಲೈಬ್ರರಿಯ ಕಥೆ ಕೇಳಿ ಗೆಳೆಯ ನಕ್ಕ. ಅದು ಎಂಸಿಸ್2ನಲ್ಲಿ ಸಿದ್ಧವಾಗಿಯೇ ಸಿಗುತ್ತದೆ, ಒಂದು ಪ್ಯಾಕ್‌ಮ್ಯಾನ್ ಆಜ್ಞೆ ಸಾಕು, ಕಂಪೈಲ್ ಮಾಡುವ ಅಗತ್ಯವೇ ಇರಲಿಲ್ಲ ಎಂದ. ಇರಲಿ. ಮೇಕ್ ಅಷ್ಟು ನಿಧಾನವಾಗಿ ಓಡದಿದ್ದರೆ ಆ ಪುಸ್ತಕವನ್ನು ಅಷ್ಟು ನಿಧಾನವಾಗಿ ನಾನು ಓದುತ್ತಿರಲಿಲ್ಲ.

ಈಗ ನನ್ನ ಪಾಠಯೋಜನೆಯಲ್ಲಿ ಪೂರ್ವಜ್ಞಾನದ ಅಂಕಣದಲ್ಲಿ ಹೇಳಿಕೆಗಳಿಲ್ಲ, ಪ್ರಶ್ನೆಗಳಿವೆ. ತರಗತಿಯ ಮೊದಲ ಐದು ನಿಮಿಷದಲ್ಲಿ ಅವುಗಳನ್ನು ಕೇಳಿ, ಎದುರಿಗೆ ಇದೆ, ಇಲ್ಲ ಎಂದು ಗುರುತು ಹಾಕುತ್ತೇನೆ. ಪುಸ್ತಕ ತಿದ್ದುವಾಗ ಉತ್ತರದ ಮೇಲೆ ಗೀಟು ಎಳೆಯುವುದಿಲ್ಲ. ಮೇಲಿನಿಂದ ಓದಿ, ಮೊದಲ ತಪ್ಪು ಸಿಕ್ಕಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತೇನೆ. ಇದಕ್ಕೆ ಹೆಚ್ಚು ಹೊತ್ತು ಬೇಕಾಗುತ್ತದೆ. ನಲವತ್ತು ಪುಸ್ತಕ ಒಂದೇ ಸಂಜೆಗೆ ಮುಗಿಯುವುದಿಲ್ಲ, ಎರಡು ಸಂಜೆ ಬೇಕು. ಕೆಲಸಕ್ಕೆ ಸೇರಿ, ಐದು ತರಗತಿಗಳ ಹೊರೆ ಬಿದ್ದ ಮೇಲೂ ಇದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ನಮ್ಮ ಅಧ್ಯಾಪಕರನ್ನು ಕೇಳಬೇಕೆಂದಿದ್ದೇನೆ.